ಮೀಟರು ನಾಲ್ಕೂವರೆ ಅಂದಿತ್ತು

ಎಮಿಲ್ ವೊಂಡ್ರಾ ಹೆಂಡತಿಯನ್ನು ಒಂದು ಮಾತೂ ಕೇಳದೆ ಮನೆಯ ವ್ಯಾಕ್ಯೂಮ್ ಕ್ಲೀನರ್ ಎತ್ತಿಕೊಂಡು ಬಂದು ವಿಮಾನದ ಶೆಡ್ಡಿನಲ್ಲಿ ಇಟ್ಟುಕೊಂಡು ಮೂರು ದಿನವಾಗಿತ್ತು. ಅತ್ತ ಮಿಲಾಡಾ ಪೊರಕೆ ಹಿಡಿದು ಗುಡಿಸುತ್ತ ಗಂಡನ ಜನ್ಮ ಜಾಲಾಡುತ್ತಿದ್ದಳು. ಇತ್ತ ಎಪ್ಪತ್ತೊಂದು ವರ್ಷದ ಗಂಡ, ಆ ಯಂತ್ರದ ಬಾಯಿಗೆ ಹಿತ್ತಾಳೆಯ ಕೊಳಾಯಿ ತುಂಡೊಂದನ್ನು ಸಿಕ್ಕಿಸಿ, ಸಂದಿಗೆಲ್ಲ ಟೇಪು ಸುತ್ತಿ, ಇಷ್ಟು ಚಂದದ ಉಪಯೋಗ ಇದಕ್ಕೆ ಇನ್ನೊಂದಿಲ್ಲ ಎಂದು ಹಿಗ್ಗುತ್ತಿದ್ದ.

ಡುಬ್ರೋವಾ ಊರಿನ ಆಚೆ, ಜೋಳದ ಹೊಲಗಳ ನಡುವೆ, ಹುಲ್ಲು ಕತ್ತರಿಸಿ ಮಾಡಿದ ಒಂದು ಓಡುದಾರಿ ಮತ್ತು ಎರಡು ತಗಡಿನ ಶೆಡ್ಡು. ನೆಬ್ರಾಸ್ಕಾದ ಆ ಭಾಗದಲ್ಲಿ ವಿಮಾನ ಇಟ್ಟುಕೊಂಡ ರೈತರೆಲ್ಲ ನಲವತ್ತೆಂಟು ವರ್ಷದಿಂದ ರಿಪೇರಿಗೆ ಬರುತ್ತಿದ್ದುದು ಎಮಿಲ್‌ನ ಹತ್ತಿರವೇ. ಅವನು ಎಡಚ. ಒಮ್ಮೆ ಅವನು ಸರಿಯಿದೆ ಎಂದರೆ ಅದರ ಮೇಲೆ ಯಾರೂ ಸೊಲ್ಲೆತ್ತುತ್ತಿರಲಿಲ್ಲ. ಅವನಿಗೂ ಆ ಜಂಭ ಕಡಿಮೆಯೇನೂ ಇರಲಿಲ್ಲ.

ಈಗ ಶೆಡ್ಡಿನಲ್ಲಿ ರೆಕ್ಕೆ ಕಳಚಿ ನಿಂತಿದ್ದದ್ದು ಲ್ಯಾಂಬರ್ಟ್ ಕುದರ್ನಾನ ವಿಮಾನ. ಸಾವಿರದ ಒಂಬೈನೂರ ನಲವತ್ತಾರರದ್ದು, ಬಟ್ಟೆ ಹೊದಿಸಿದ್ದು, ನಾಲ್ಕು ಸೀಟಿನದು. ಇಪ್ಪತ್ತಾರು ವರ್ಷ ಲ್ಯಾಂಬರ್ಟನ ಕೊಟ್ಟಿಗೆಯಲ್ಲಿ ಕೋಳಿಗಳಿಗೆ ಸೂರಾಗಿದ್ದು, ಹೋದ ಚಳಿಗಾಲದಲ್ಲಿ ಮಗಳು ಲಿಯೋನಾಳ ಕಣ್ಣಿಗೆ ಬಿತ್ತು. ಲಿಯೋನಾ ಊರಿನ ಶಾಲಾ ಬಸ್ಸು ಓಡಿಸುವವಳು. ನಲವತ್ತು ತುಂಬಿದ ಮೇಲೆ ವಿಮಾನ ಓಡಿಸಲು ಕಲಿತವಳು. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಇಳಿಸಿ, ಮಧ್ಯಾಹ್ನ ಮೂರಕ್ಕೆ ಮತ್ತೆ ಬಸ್ಸು ಹತ್ತುವವರೆಗೆ ಎಮಿಲ್‌ನ ಜೊತೆ ಗ್ರೀಸಿನಲ್ಲಿ ಕೈಯಾಡಿಸುತ್ತಿದ್ದಳು.

ಅಪ್ಪ ವಿಮಾನವನ್ನು ಅವಳಿಗೆ ಕೊಡುವಾಗ ಹೇಳಿದ್ದು ಒಂದೇ ಮಾತು. ವಿಮಾನ ನಿನ್ನದು, ಆ ದಿಗಂತವನ್ನು ಮಾತ್ರ ಕಿತ್ತು ಬಿಸಾಕು, ಅದು ಸುಳ್ಳು ಹೇಳುತ್ತದೆ.

ದಿಗಂತ ಎಂದರೆ ಚಾಲಕನ ಎದುರಿನ ಹಲಗೆಯಲ್ಲಿ ಕೂರುವ ಒಂದು ಗುಂಡಗಿನ ಸಾಧನ, ರಿಪೇರಿಯವರ ಬಾಯಲ್ಲಿ ಗಡಿಯಾರ. ಮೋಡದೊಳಗೆ ಹೊಕ್ಕಾಗ ಹೊರಗೆ ಭೂಮಿಯೂ ಕಾಣುವುದಿಲ್ಲ, ಆಕಾಶವೂ ಕಾಣುವುದಿಲ್ಲ. ಆಗ ವಿಮಾನ ನೆಟ್ಟಗಿದೆಯೋ ವಾಲಿದೆಯೋ ಎಂದು ಹೇಳುವುದು ಅದರೊಳಗಿನ ಒಂದು ಅಡ್ಡಗೆರೆ. ಆ ಗೆರೆಯ ಹಿಂದೆ ಹಿತ್ತಾಳೆಯ ಬುಗುರಿಯೊಂದಿದೆ. ಎಂಜಿನ್ನಿಗೆ ಕಚ್ಚಿಸಿದ ಪಂಪು ಗಡಿಯಾರದ ಡಬ್ಬಿಯೊಳಗಿನ ಗಾಳಿಯನ್ನು ಕೊಳವೆಯ ಮೂಲಕ ಎಳೆಯುತ್ತದೆ. ಆ ಖಾಲಿಯನ್ನು ತುಂಬಲು ಹೊರಗಿನ ಗಾಳಿ ಸಣ್ಣ ತೂತಿನಿಂದ ನುಗ್ಗಿ ಬುಗುರಿಯ ಅಂಚಿಗೆ ಬಡಿಯುತ್ತದೆ. ಬುಗುರಿ ಜೋರಾಗಿ ತಿರುಗಿದಷ್ಟೂ ತಾನು ನಿಂತಂತೆ ನಿಂತಿರುತ್ತದೆ, ವಿಮಾನ ಸುತ್ತ ಏನೇ ಕುಣಿಯಲಿ.

"ಊದಿದ್ರೂ ತಿರುಗುತ್ತಲ್ವಾ ಚಿಕ್ಕಪ್ಪ? ಎಳೆಯೋ ಉಸಾಬರಿ ಯಾಕೆ?" ಎಂದು ಲಿಯೋನಾ ಕೇಳಿದ್ದಳು. ಅಪ್ಪನ ಓರಗೆಯವನೆಂದು ಅವಳು ಚಿಕ್ಕಂದಿನಿಂದ ಅವನನ್ನು ಹಾಗೇ ಕರೆಯುತ್ತಿದ್ದಳು.

ಊದಿದರೆ ಪಂಪಿನ ಎಣ್ಣೆಯೆಲ್ಲ ಬುಗುರಿಯ ಬಾಯಿಗೆ ಹೋಗುತ್ತದೆ, ಎಳೆದರೆ ಒಳಗೆ ಬರುವುದು ಚಾಲಕನ ಕೋಣೆಯ ಶುದ್ಧ ಗಾಳಿ ಎಂದು ಎಮಿಲ್ ವಿವರಿಸಿದ. ಅದಕ್ಕೇ ಒಳಗೆ ಕೂತು ಸಿಗರೇಟು ಸೇದುವವರ ದಿಗಂತ ಎರಡೇ ವರ್ಷಕ್ಕೆ ಕೆಮ್ಮಲು ಶುರುಮಾಡುತ್ತದೆ ಎಂದೂ ಸೇರಿಸಿದ. ಲಿಯೋನಾ ಜೇಬಿನಲ್ಲಿದ್ದ ಪೊಟ್ಟಣವನ್ನು ಇನ್ನಷ್ಟು ಒಳಕ್ಕೆ ತಳ್ಳಿದಳು.

ಅವಳ ನಿಜವಾದ ಪ್ರಶ್ನೆ ಬೇರೆಯೇ ಇತ್ತು. ಅದನ್ನು ಅವಳು ಕೇಳಿದ್ದು ಎರಡು ವಾರ ಜೊತೆಗೆ ಕೆಲಸ ಮಾಡಿದ ಮೇಲೆ.

"ಅವತ್ತು ಅಪ್ಪ ಹೇಳಿದ್ದು ಸುಳ್ಳಾ?"

"ಸುಳ್ಳು ಅಂತ ನಾನ್ಯಾವತ್ತೂ ಅಂದಿಲ್ಲ. ಗಾಬರೀಲಿ ಮನುಷ್ಯನಿಗೆ ಏನೇನೋ ಕಾಣುತ್ತೆ ಅಂದಿದ್ದೆ, ಅಷ್ಟೆ."

"ಊರಿಗೆ ಎರಡೂ ಒಂದೇ ಆಯ್ತಲ್ಲ."

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಅರವತ್ತೊಂದರ ವಸಂತದಲ್ಲಿ ಎಮಿಲ್ ತನ್ನ ಕೈಯಾರೆ ಲ್ಯಾಂಬರ್ಟನ ವಿಮಾನಕ್ಕೆ ದಿಗಂತ ಕೂರಿಸಿಕೊಟ್ಟಿದ್ದ. ಅದೇ ಜೂನ್‌ನಲ್ಲಿ ಲ್ಯಾಂಬರ್ಟ್, ಎಮಿಲ್‌ನ ತಮ್ಮ ಫರ್ಡಾನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟವನು ಮೋಡಕ್ಕೆ ಸಿಕ್ಕಿದ. ಮೋಡದಿಂದ ಹೊರಬಿದ್ದಾಗ ವಿಮಾನ ಒಂದು ಮಗ್ಗುಲಿಗೆ ಸುರುಳಿ ಸುತ್ತುತ್ತ ನೆಲಕ್ಕೆ ಇಳಿಯುತ್ತಿತ್ತು. ಹೇಗೋ ನೆಟ್ಟಗೆ ಮಾಡಿದ, ಆದರೆ ಜೋಳದ ಹೊಲಕ್ಕೆ ಬಡಿದ. ಫರ್ಡಾನ ತೊಡೆಯ ಮೂಳೆ ಎರಡು ಕಡೆ ಮುರಿಯಿತು. ಅವತ್ತಿನಿಂದ ಇವತ್ತಿನವರೆಗೆ ಫರ್ಡಾ ತನ್ನ ಕ್ಷೌರದಂಗಡಿಯಲ್ಲಿ ಒಂದು ಕಾಲೆಳೆದುಕೊಂಡೇ ಕುರ್ಚಿಯ ಸುತ್ತ ಓಡಾಡುತ್ತಾನೆ, ಲ್ಯಾಂಬರ್ಟನ ಮುಖ ನೋಡುವುದಿಲ್ಲ.

ಲ್ಯಾಂಬರ್ಟ್ ಆಗ ಹೇಳಿದ್ದು ಇಷ್ಟು: ವಿಮಾನ ತಿರುಗುತ್ತಿದ್ದರೂ ದಿಗಂತ ನೆಟ್ಟಗಿದ್ದೀಯ ಎಂದೇ ತೋರಿಸುತ್ತಿತ್ತು, ಪಂಪಿನ ಎಳೆತ ತೋರಿಸುವ ಮೀಟರು ಇರಬೇಕಾದ ನಾಲ್ಕೂವರೆಯಲ್ಲೇ ಇತ್ತು. ಕೇಳಿದವರು ನಕ್ಕರು. ಎಳೆತ ಸರಿಯಿದ್ದರೆ ಬುಗುರಿ ತಿರುಗಬೇಕು, ಬುಗುರಿ ತಿರುಗಿದರೆ ದಿಗಂತ ಸರಿಯಿರಬೇಕು. ಎರಡರಲ್ಲೊಂದು ಹೇಳಪ್ಪ ಎಂದರು. ತನಿಖೆಗೆ ಬಂದವನು ಎಮಿಲ್‌ನ ಕಡೆ ತಿರುಗಿದ. ಎಮಿಲ್ ಕೊಳವೆ ಬಿಚ್ಚಿದ, ಊದಿದ, ಗಾಳಿ ಸಲೀಸಾಗಿ ಹೋಯಿತು. ವಿಮಾನದ ದಾಖಲೆ ಪುಸ್ತಕದಲ್ಲಿ 'ಕೊಳವೆ ಪರೀಕ್ಷಿಸಿದೆ, ದೋಷವಿಲ್ಲ' ಎಂದು ಬರೆದು ಸಹಿ ಹಾಕಿದ. ತಮ್ಮ ಫರ್ಡಾ ಆಸ್ಪತ್ರೆಯಲ್ಲಿ ನರಳುತ್ತಿದ್ದ, ಹಾಗಾಗಿ ಸಹಿ ಹಾಕುವಾಗ ಅವನ ಕೈ ತಡೆಯಲೂ ಇಲ್ಲ.

ಆಮೇಲೆ ಲ್ಯಾಂಬರ್ಟ್ ವಿಮಾನ ಹತ್ತಲಿಲ್ಲ. ಊರಿನ ಕಾಫಿ ಅಂಗಡಿಯಲ್ಲಿ ಅವನ ತಟ್ಟೆಯ ಪಕ್ಕ ಯಾರಾದರೂ ಬಡಗಿಯ ರಸಮಟ್ಟ ತಂದಿಡುತ್ತಿದ್ದರು, ಮೇಜು ನೆಟ್ಟಗಿದೆಯೋ ನೋಡಿಕೊಂಡು ತಿನ್ನಪ್ಪ ಅಂತ. ಲ್ಯಾಂಬರ್ಟ್ ಅದನ್ನು ಬದಿಗೆ ಸರಿಸಿ ಗಸಗಸೆ ತುಂಬಿದ ಕೊಲಾಚಿ ಬನ್ನು ತಿನ್ನುತ್ತಿದ್ದ. ಎಮಿಲ್ ಎಂದೂ ರಸಮಟ್ಟ ತಂದಿಟ್ಟವನಲ್ಲ, ಆದರೆ ನಗುವವರ ಜೊತೆ ನಕ್ಕಿದ್ದ.

ಏಪ್ರಿಲ್ ಮೊದಲ ವಾರ ಗಡಿಯಾರಗಳು ದುರಸ್ತಿಯ ಅಂಗಡಿಯಿಂದ ಹೊಸ ಮದುಮಗನ ಹಾಗೆ ಹೊಳೆಯುತ್ತ ಬಂದವು. ದಿಗಂತ, ದಿಕ್ಕು ತೋರಿಸುವುದು, ಮತ್ತು ಲಿಯೋನಾ ಹೊಸದಾಗಿ ಕೊಂಡ ತಿರುವು ತೋರಿಸುವುದು. ಮೊದಲೆರಡಕ್ಕೆ ನಾಲ್ಕೂವರೆಯ ಎಳೆತ ಬೇಕು, ಮೂರನೆಯದಕ್ಕೆ ಎರಡೇ ಸಾಕು. ಅದರ ದಾರಿಯಲ್ಲಿ ಒಂದು ಪುಟ್ಟ ತಿರುಪಿನ ಕವಾಟ ಹಾಕಿ ಎಳೆತವನ್ನು ಹಿಡಿದಿಡಬೇಕು. ಹೊಸ ಕೊಳವೆಗಳು ಬರುವುದು ಶುಕ್ರವಾರಕ್ಕೆ ಎಂದಿತ್ತು. ಅಳತೆಗೆಂದು ಬಿಚ್ಚಿಟ್ಟಿದ್ದ ಹಳೆಯ ಕೊಳವೆ ಮಾತ್ರ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಶುಕ್ರವಾರದವರೆಗೆ ಕಾದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಬುಗುರಿ ತಿರುಗುವ ಸದ್ದು ಕೇಳದೆ ಎಮಿಲ್‌ಗೆ ನಿದ್ದೆ ಬರುವಂತಿರಲಿಲ್ಲ. ಅದಕ್ಕೇ ವ್ಯಾಕ್ಯೂಮ್ ಕ್ಲೀನರ್ ಬಂದದ್ದು.

ಒಂದು ಹಲಗೆಗೆ ದಿಗಂತವನ್ನು ಬಿಗಿದು, ಹಲಗೆಯ ಕೆಳಗೆ ಕೀಲು ಹಾಕಿದ. ವಿಮಾನದಲ್ಲಿ ಇದ್ದಂತೆಯೇ ಯಂತ್ರದ ಬಾಯಿಗೆ ಮೊದಲು ಮೀಟರು, ಮೀಟರಿನ ಮುಂದೆ ಹಳೆಯ ಕೊಳವೆ, ಕೊಳವೆಯ ತುದಿಗೆ ದಿಗಂತ. ಲಿಯೋನಾ ಗುಂಡಿ ಒತ್ತಿದಳು. ಮೀಟರಿನ ಮುಳ್ಳು ಏರಿ ನಾಲ್ಕೂವರೆಯಲ್ಲಿ ನಿಂತಿತು. ಐದು ನಿಮಿಷ ಕಳೆಯಿತು. ಅಡ್ಡಗೆರೆ ತೂಕಡಿಸುತ್ತ ಎದ್ದು ಮಟ್ಟಕ್ಕೆ ಬಂತು. ಎಮಿಲ್ ಹಲಗೆಯನ್ನು ಬಲಕ್ಕೆ ವಾಲಿಸಿದ. ಗೆರೆ ಮಟ್ಟದಲ್ಲಿ ನಿಲ್ಲುವ ಬದಲು ಹಲಗೆಯ ಜೊತೆಗೇ ವಾಲಿತು. ಹಲಗೆ ಓರೆಯಾಗಿತ್ತು, ದಿಗಂತ ಮಾತ್ರ ಎಲ್ಲ ನೆಟ್ಟಗಿದೆ ಎನ್ನುತ್ತಿತ್ತು.

"ಅಪ್ಪ ಹೇಳಿದ್ದು ಇದೇ," ಎಂದಳು ಲಿಯೋನಾ.

ದುರಸ್ತಿಯವರು ಮೋಸ ಮಾಡಿದ್ದಾರೆ ಎಂದು ಎಮಿಲ್ ಗೊಣಗಿದ. ಬಯ್ಯುವ ಮೊದಲು ಖಾತ್ರಿಯಿರಲಿ ಎಂದು ಹಳೆಯ ಕೊಳವೆ ತೆಗೆದು, ತೋಟಕ್ಕೆ ನೀರು ಹಾಯಿಸುವ ಪೈಪಿನ ಒಂದು ತುಂಡು ಸಿಕ್ಕಿಸಿ ನೋಡಿದ. ಬುಗುರಿ ಸಣ್ಣಗೆ ಹಾಡತೊಡಗಿತು. ಹಲಗೆ ಎತ್ತ ತಿರುಗಿಸಿದರೂ ಗೆರೆ ಕದಲಲಿಲ್ಲ. ಮೀಟರು ಆಗಲೂ ನಾಲ್ಕೂವರೆ. ಮತ್ತೆ ಹಳೆಯದನ್ನು ಹಾಕಿದ. ದಿಗಂತಕ್ಕೆ ಮತ್ತೆ ತೂಕಡಿಕೆ, ಮೀಟರು ಮತ್ತೆ ನಾಲ್ಕೂವರೆ. ಮೂರು ಸಲ ಬದಲಾಯಿಸಿದ, ಮೂರು ಸಲವೂ ಅಷ್ಟೇ. ಎಮಿಲ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಅವನಿಗೆ ಸಿಟ್ಟಿಗಿಂತ ಖುಷಿಯೇ ಹೆಚ್ಚಾಗಿತ್ತು ಎಂದರೆ ಯಾರೂ ತಪ್ಪು ತಿಳಿಯಬಾರದು. ನಲವತ್ತೆಂಟು ವರ್ಷದ ಕಸುಬಿನಲ್ಲಿ ಇಂಥದ್ದೊಂದು ಒಗಟು ಅವನ ಕೈಗೆ ಸಿಕ್ಕಿದ್ದು ಇದೇ ಮೊದಲು.

ಕೊಳವೆ ಬಿಚ್ಚಿ, ಪಂಪಿನ ಕಡೆಯ ಹಿತ್ತಾಳೆ ಮೂತಿಗೆ ಬಾಯಿಟ್ಟು ಊದಿದ. ಗಾಳಿ ಇನ್ನೊಂದು ತುದಿಯಿಂದ ಸುಯ್ಯೆಂದು ಹೊರಬಂದು ಮೇಜಿನ ಮೇಲಿನ ಧೂಳು ಹಾರಿಸಿತು. ಒಳಗೆ ಇಲಿ ಗೂಡೂ ಇಲ್ಲ, ಕಸವೂ ಇಲ್ಲ.

"ಎಳೆಯೋ ಪೈಪನ್ನ ಊದಿ ನೋಡ್ತೀರಲ್ಲ, ಯಾಕೆ?" ಎಂದು ಲಿಯೋನಾ ಕೇಳಿದಳು.

ಎಮಿಲ್‌ಗೆ ನಗು ಬಂತು. ಕೊಳವೆಯನ್ನು ಯಾವಾಗಲೂ ಗಾಳಿ ಹರಿಯುವುದಕ್ಕೆ ಎದುರಾಗಿ ಊದಬೇಕು. ಕಸ ಬಂದ ದಾರಿಯಲ್ಲೇ ವಾಪಸು ಹೋಗಬೇಕು, ಇನ್ನಷ್ಟು ಒಳಗೆ ತಳ್ಳಬಾರದು. ಪೆಟ್ರೋಲಿನ ಕೊಳವೆಯಾಗಲಿ ಎಣ್ಣೆಯದಾಗಲಿ, ಯಾರೂ ಬಾಯಿಟ್ಟು ಹೀರುವುದಿಲ್ಲ, ಹೀರಿದವನು ಎರಡನೇ ಸಲ ಹೀರಲು ಉಳಿಯುವುದಿಲ್ಲ. ಕಸುಬು ಕಲಿಸಿದವನು ಮೊದಲ ದಿನ ಹೇಳಿಕೊಟ್ಟದ್ದೇ ಇದು ಎಂದ.

ಅವಳು ಕೇಳಿಸಿಕೊಂಡಳು. ಆಮೇಲೆ ಕೊಳವೆಯನ್ನು ಅವನ ಕೈಯಿಂದ ತೆಗೆದುಕೊಂಡು, ಮೂತಿಯನ್ನು ಪ್ಯಾಂಟಿಗೆ ಒರೆಸಿ, ಮಿಲ್ಕ್‌ಶೇಕ್ ಕುಡಿಯುವವಳಂತೆ ಎಳೆದಳು. ಕೆನ್ನೆಗಳು ಒಳಕ್ಕೆ ಹೋದವು.

"ಬರ್ತಾನೇ ಇಲ್ಲ," ಎಂದಳು.

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ಎಮಿಲ್ ತಾನೇ ಎಳೆದ. ಒಳಗೆ ಏನೋ ಪಟ್ಟನೆ ಬಂದು ಮುಚ್ಚಿಕೊಂಡಿತು. ಒಂದಿಷ್ಟು ಗಾಳಿ ಸಂದಿಯಲ್ಲಿ ನುಸುಳಿದ್ದು ಬಿಟ್ಟರೆ ಏನೂ ಬರಲಿಲ್ಲ. ಊದಿದ, ತೆರೆಯಿತು. ಎಳೆದ, ಮುಚ್ಚಿತು. ಶೆಡ್ಡಿನ ಬಾಗಿಲಿಗೆ ಹೋಗಿ ಬೆಳಕಿನಲ್ಲಿ ನಿಂತು ಟಾರ್ಚು ಹಾಯಿಸಿ ಮೂತಿಯೊಳಗೆ ಇಣುಕಿದ. ಹಿತ್ತಾಳೆಯ ತುಟಿಯ ಅಂಚಿನಲ್ಲಿ ರಬ್ಬರಿನ ತೆಳುವಾದ ಸಿಪ್ಪೆಯೊಂದು ನಾಲಿಗೆಯ ಹಾಗೆ ನೇತಾಡುತ್ತಿತ್ತು.

ಹಿತ್ತಾಳೆ ಮೂತಿಯನ್ನು ರಬ್ಬರಿನೊಳಗೆ ತಳ್ಳುವಾಗ ಸಾಬೂನು ನೀರು ಸವರಬೇಕು. ಸವರದೆ ಒಣಗಿದ್ದಂತೆಯೇ ತಳ್ಳಿದರೆ ಅದರ ಚೂಪು ಅಂಚು ರಬ್ಬರಿನ ಒಳಮೈಯನ್ನು ಹೆರೆದುಬಿಡುತ್ತದೆ. ಪಂಪು ಎಳೆದಾಗ ಆ ಸಿಪ್ಪೆ ಬಂದು ಮೂತಿಗೆ ಕೂರುತ್ತದೆ. ಮೀಟರು ಸಿಪ್ಪೆಯ ಈಚೆಗೆ, ಪಂಪಿನ ಕಡೆಗಿದೆ, ಅದು ನಾಲ್ಕೂವರೆ ತೋರಿಸುತ್ತಲೇ ಇರುತ್ತದೆ. ದಿಗಂತ ಆಚೆಗಿದೆ, ಅದಕ್ಕೆ ಉಸಿರಿಲ್ಲ. ಬಯಲಿನಲ್ಲಿ ಹಾರುವವನು ಕಿಟಕಿಯಾಚೆ ನೋಡುತ್ತಾನೆ, ದಿಗಂತ ತೂಕಡಿಸಿದರೂ ಅವನ ಗಮನಕ್ಕೆ ಬರುವುದಿಲ್ಲ. ಊದಿ ನೋಡುವವನಿಗೆ ಸಿಪ್ಪೆ ಬಾಗಿಲು ತೆರೆದು ಕೊಡುತ್ತದೆ.

"ಹಾಗಾದ್ರೆ ಅಪ್ಪಂಗೆ ತಲೆ ಕೆಟ್ಟಿರ್ಲಿಲ್ಲ," ಎಂದಳು ಲಿಯೋನಾ. ಮರುಕ್ಷಣವೇ ಅವಳೊಳಗಿನ ಬಸ್ಸಿನವಳು ಎಚ್ಚರವಾಗಿ, "ಆದ್ರೆ ಕೊಟ್ಟಿಗೇಲಿ ಇಪ್ಪತ್ತಾರು ವರ್ಷ ಬಿದ್ದು ಈಗ ಸೀಳಿರಬಹುದಲ್ವಾ? ಆಗ್ಲೇ ಹೀಗಿತ್ತು ಅಂತ ಯಾರು ಹೇಳ್ತಾರೆ?" ಎಂದಳು. ಗಂಟೆ ಮೂರಾಗುತ್ತ ಬಂದಿತ್ತು. ನಾಳೆ ಬರುತ್ತೇನೆ ಎಂದು ಓಡಿದಳು.

ಯಾರು ಹೇಳುತ್ತಾರೆ ಎಂಬುದಕ್ಕೆ ಉತ್ತರ ಎಮಿಲ್‌ನ ಕೈಯಲ್ಲೇ ಇತ್ತು. ಹಿತ್ತಾಳೆ ಮೂತಿಯ ಮೇಲೆ ರಬ್ಬರನ್ನು ಬಿಗಿದ ಪಟ್ಟಿ, ಪಟ್ಟಿ ಸಡಿಲವಾಗದಂತೆ ಹೊಸೆದು ಕಟ್ಟಿದ ತಂತಿ. ಬೇರೆ ಯಾವ ಮೆಕ್ಯಾನಿಕ್ ಹೊಸೆದರೂ ತಂತಿಯ ಎಳೆಗಳು ಬಲಕ್ಕೆ ಸುತ್ತುತ್ತವೆ. ಇದು ಎಡಚನ ಕೈ ಹೊಸೆದಂತೆ ಎಡಕ್ಕೆ ಸುತ್ತಿತ್ತು. ಅದರ ಮೇಲೆ ಅವನೇ ಹಚ್ಚಿದ ಕೆಂಪು ಬಣ್ಣದ ಬೊಟ್ಟು ಒಂದಿಷ್ಟೂ ಬಿರಿದಿರಲಿಲ್ಲ. ಕೊಳವೆಯನ್ನು ಮೂತಿ ಸಮೇತ ಎಷ್ಟು ಸಲ ಬಿಚ್ಚಿದ್ದರೂ, ಅರವತ್ತೊಂದರ ವಸಂತದಲ್ಲಿ ಅವನು ಕಟ್ಟಿದ ಮೇಲೆ ಆ ಪಟ್ಟಿಯನ್ನು ಯಾರೂ ಬಿಚ್ಚಿಲ್ಲ. ಸಿಪ್ಪೆಯ ಬುಡ ಪಟ್ಟಿಯ ಅಡಿಯಲ್ಲೇ ಇತ್ತು, ಮೂತಿ ಕೊರೆದ ಗೆರೆಯ ನೇರಕ್ಕೆ. ಅವತ್ತು ಸಾಬೂನು ನೀರು ಸವರಿದ್ದನೇ? ನೆನಪಿಸಿಕೊಳ್ಳಲು ನೋಡಿದ. ನೆನಪಾದದ್ದು ಮಾತ್ರ ಹೊರಗೆ ಹುಲ್ಲಿನಲ್ಲಿ ನಿಂತು, ಬೇಗ ಮುಗಿಸೋ, ಹಾರಬೇಕು ಎಂದು ಅವಸರ ಮಾಡುತ್ತಿದ್ದ ತಮ್ಮ.

ಅವನಿಗೆ ನಾಚಿಕೆಯಾಯಿತು. ಒಗಟು ಬಿಡಿಸಿದ ಖುಷಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಒಲೆ ಪಕ್ಕದಲ್ಲೇ ಇತ್ತು. ಕೊಳವೆ ಹಾಕಿದರೆ ಎರಡು ನಿಮಿಷದಲ್ಲಿ ಉರಿದುಹೋಗುತ್ತಿತ್ತು. ಹಳೆಯ ರಬ್ಬರು, ಕೊಟ್ಟಿಗೆಯಲ್ಲಿ ಹಾಳಾಗಿದೆ ಎಂದರೆ ಲಿಯೋನಾಳೂ ನಂಬುತ್ತಿದ್ದಳು. ಎಮಿಲ್ ಒಲೆಯ ಬಾಗಿಲು ತೆರೆದದ್ದೂ ಉಂಟು. ಆ ಮಾತನ್ನು ಮುಚ್ಚಿಟ್ಟು ಅವನನ್ನು ದೊಡ್ಡ ಮನುಷ್ಯನನ್ನಾಗಿ ಮಾಡುವ ಇರಾದೆ ನನಗಿಲ್ಲ. ಆದರೆ ತೆರೆದ ಬಾಗಿಲನ್ನು ಮತ್ತೆ ಮುಚ್ಚಿದ, ಕೈ ತೊಳೆದುಕೊಂಡ, ದಾಖಲೆ ಪುಸ್ತಕ ತೆಗೆದ.

ವಿಮಾನದ ಪುಸ್ತಕದಲ್ಲಿ ಯಾವುದನ್ನೂ ಅಳಿಸುವಂತಿಲ್ಲ. ತಪ್ಪಿದ್ದರೆ ಅದನ್ನು ಓದಲು ಬರುವಂತೆ ಒಂದೇ ಗೆರೆ ಹೊಡೆದು ಸರಿಯಾದದ್ದನ್ನು ಬರೆಯಬೇಕು. ಎಮಿಲ್ ಹಳೆಯ ಸಾಲಿನ ಮೇಲೆ ಗೆರೆ ಎಳೆದ. ಕೆಳಗೆ ಬರೆದ: 'ಕೊಳವೆಯಲ್ಲಿ ದೋಷವಿತ್ತು. ಜೋಡಿಸುವಾಗ ನಾನು ಮಾಡಿದ್ದು. ಪರೀಕ್ಷೆಯೂ ತಪ್ಪು ದಿಕ್ಕಿನಲ್ಲಿ ನಡೆದಿತ್ತು. ಚಾಲಕ ಹೇಳಿದ್ದು ನಿಜ.' ಕೊನೆಯ ವಾಕ್ಯ ಅಂಥ ಪುಸ್ತಕದಲ್ಲಿ ಯಾರೂ ಬರೆಯುವಂಥದ್ದಲ್ಲ. ಬರೆದು ಸಹಿ ಹಾಕಿದ.

ಲ್ಯಾಂಬರ್ಟ್ ಹೊಲದ ಅಂಚಿನಲ್ಲಿ ಬಿತ್ತನೆ ಯಂತ್ರದ ತಟ್ಟೆಗಳನ್ನು ಉಜ್ಜುತ್ತಿದ್ದ. ಎಮಿಲ್ ಟ್ರಕ್ಕಿನಿಂದ ಇಳಿದು ಪೀಠಿಕೆ ಹಾಕದೆ ಕೊಳವೆಯನ್ನು ಅವನ ಕೈಗಿಟ್ಟ.

"ಊದು. ಆಮೇಲೆ ಎಳಿ."

ಲ್ಯಾಂಬರ್ಟ್ ಊದಿದ. ಎಳೆದ. ಮತ್ತೆ ಎಳೆದ. ಎಮಿಲ್ ತಂತಿ ತೋರಿಸಿದ, ಎಲ್ಲ ಹೇಳಿದ, ಪುಸ್ತಕದಲ್ಲಿ ಬರೆದದ್ದನ್ನೂ ಹೇಳಿದ. ಬೈಗುಳ ಬರುತ್ತದೆ, ಏಟು ಬಿದ್ದರೂ ಬೀಳಬಹುದು ಎಂದು ಕಾದ. ಲ್ಯಾಂಬರ್ಟ್ ಯಂತ್ರದ ಚಕ್ರದ ಮೇಲೆ ಕೂತ.

"ನನ್ನ ಮೈ ಹೇಳ್ತಾ ಇತ್ತು ಕಣೋ ಎಮಿಲ್, ತಿರುಗ್ತಾ ಇದೀವಿ ಅಂತ. ಕಿವೀಲೂ ಗೊತ್ತಾಗ್ತಿತ್ತು, ಗಾಳಿ ಸದ್ದು ಏರ್ತಿತ್ತು. ಆದ್ರೆ ನೀನು ಹೇಳಿದ್ದೆ, ಮೋಡದೊಳಗೆ ಮೈಯನ್ನ ನಂಬಬೇಡ, ದಿಗಂತಾನ ನಂಬು ಅಂತ. ನಂಬಿದೆ."

ಹಾಗೆ ಹೇಳಿದ್ದು ಎಮಿಲ್‌ಗೆ ಚೆನ್ನಾಗಿ ನೆನಪಿತ್ತು. ಅದು ಎಲ್ಲರಿಗೂ ಹೇಳುವ ಮಾತು, ಸರಿಯಾದ ಮಾತು.

"ಬೇರೆಯವರು ನಕ್ಕಿದ್ದಕ್ಕೆ ನಂಗೇನಿಲ್ಲ," ಎಂದ ಲ್ಯಾಂಬರ್ಟ್. "ಹತ್ತು ವರ್ಷ ಆದ್ಮೇಲೆ ನಂಗೇ ಅನುಮಾನ ಬಂತು. ಎಮಿಲ್ ಸುಳ್ಳು ಹೇಳೋನಲ್ಲ, ಹಾಗಾದ್ರೆ ಹೆದರಿದ್ದು ನಾನೇ ಇರಬೇಕು ಅಂತ. ಲಿಯೋನಾಗೆ ವಿಮಾನ ಕೊಡೋವಾಗ್ಲೂ, ದಿಗಂತ ಸುಳ್ಳು ಅಂತ ಹೇಳಿದ್ನಲ್ಲ, ಅದನ್ನ ನಾನೇ ನಂಬಿರ್ಲಿಲ್ಲ ಕಣೋ."

ಕ್ಷಮಿಸು ಎನ್ನುವುದಕ್ಕೆ ಹೋದ ಎಮಿಲ್ ತಡವರಿಸಿ, ತಂತಿಯನ್ನೇ ಇನ್ನೊಮ್ಮೆ ಬೆರಳಿನಿಂದ ತೋರಿಸಿದ. ಲ್ಯಾಂಬರ್ಟ್ ಕೊಳವೆಯನ್ನು ಹಿಡಿದುಕೊಂಡೇ ಎದ್ದು ಟ್ರಕ್ಕಿನ ಇನ್ನೊಂದು ಬಾಗಿಲು ತೆರೆದು ಕೂತ.

"ನಡಿ, ಫರ್ಡಾನ ಹತ್ರ."

ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಫರ್ಡಾ ಕಿಟಕಿಯ ಬಳಿ ಕೂತು ಪತ್ರಿಕೆ ಓದುತ್ತಿದ್ದ. ಲ್ಯಾಂಬರ್ಟ್ ಒಳಗೆ ಕಾಲಿಟ್ಟದ್ದನ್ನು ನೋಡಿ ಪತ್ರಿಕೆ ಮಡಿಸಿದ. ಇಪ್ಪತ್ತಾರು ವರ್ಷ ಲ್ಯಾಂಬರ್ಟ್ ಹದಿನೆಂಟು ಮೈಲಿ ಆಚೆಯ ಊರಿಗೆ ಹೋಗಿ ಕೂದಲು ಕತ್ತರಿಸಿಕೊಂಡು ಬರುತ್ತಿದ್ದುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಎಮಿಲ್ ಬಾಗಿಲಲ್ಲೇ ನಿಂತು ಹೇಳಿದ. ಈ ಸಲ ಮಾತು ತಡವರಿಸಲಿಲ್ಲ. ತಮ್ಮನ ಕಾಲು ಮುರಿದದ್ದು ತನ್ನ ಕೈಕೆಲಸದಿಂದ, ಲ್ಯಾಂಬರ್ಟನಿಂದಲ್ಲ ಎಂದ. ತಂತಿ ತೋರಿಸಿದ. ಫರ್ಡಾ ಕೊಳವೆ ತೆಗೆದುಕೊಂಡು ಎಳೆದು ನೋಡಿದ, ಊದಿ ನೋಡಿದ, ಮತ್ತೆ ಎಳೆದು ನೋಡಿ ಕನ್ನಡಿಯ ಕೆಳಗೆ ಬಾಚಣಿಗೆಗಳ ಪಕ್ಕ ಇಟ್ಟ.

ಆಮೇಲೆ ಫರ್ಡಾ ಕಾಲೆಳೆದುಕೊಂಡು ಬಂದು ಕುರ್ಚಿಯನ್ನು ಲ್ಯಾಂಬರ್ಟನ ಕಡೆ ತಿರುಗಿಸಿದ.

"ಕೂತ್ಕೋ. ಕಿವಿ ಮೇಲೆಲ್ಲ ಎಷ್ಟು ಬೆಳೆದಿದೆ, ಯಾವ ಕುರುಡ ಕತ್ತರಿಸ್ತಾನೋ ನಿಂಗೆ."

ಲ್ಯಾಂಬರ್ಟ್ ಕೂತ. ಫರ್ಡಾ ಬಿಳಿ ಬಟ್ಟೆ ಕೊಡವಿ ಅವನ ಕೊರಳಿಗೆ ಕಟ್ಟಿ, ತಲೆಯನ್ನು ಎರಡು ಕೈಯಲ್ಲೂ ಹಿಡಿದು ನೆಟ್ಟಗೆ ಮಾಡಿ ಕತ್ತರಿ ಎತ್ತಿಕೊಂಡ. ಅಣ್ಣನ ಕಡೆ ಅವನು ಒಮ್ಮೆಯೂ ನೋಡಲಿಲ್ಲ. ಎಮಿಲ್ ಗೋಡೆ ಬದಿಯ ಬೆಂಚಿನ ಮೇಲೆ ಕೂತು ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡ. ಲ್ಯಾಂಬರ್ಟನ ಕೂದಲು ಮುಗಿಯಿತು, ಅವನು ಎದ್ದು ನಡೆದೇ ಹೊರಟ, ಸಂಜೆಯಾಯಿತು, ಫರ್ಡಾ ನೆಲ ಗುಡಿಸಿ ದೀಪ ಹಾಕಿದ. ಎಮಿಲ್ ಇನ್ನೂ ಬೆಂಚಿನ ಮೇಲೆಯೇ ಕೂತಿದ್ದ. ಫರ್ಡಾ ಕರೆಯದೆ ಎದ್ದು ಕುರ್ಚಿಗೆ ಹೋಗುವ ಧೈರ್ಯ ಅವನಿಗೆ ಇರಲಿಲ್ಲ.